ದೇಹ ತನ್ನ ಮೇಲೇ ದಾಳಿ ಮಾಡದು ಎಂದು ನಂಬಿದ್ದ ಪಾಲ್ ಎರ್ಲಿಕ್
ಎಕ್ಸೋಸೋಮ್ ಇಂಜೆಕ್ಷನ್‌ನಿಂದ ಲೂಪಸ್ ವಾಸಿ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಲೂಪಸ್ ಅಂದರೆ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ದೇಹ ಅದಕ್ಕೆ ಆಸ್ಪದ ಕೊಡದು ಎಂದವರು ಜರ್ಮನಿಯ ಪಾಲ್ ಎರ್ಲಿಕ್ (1854–1915).

1900ರ ಸುಮಾರಿಗೆ ಅವರು ಮೇಕೆಗಳಿಗೆ ಬೇರೆ ಮೇಕೆಗಳ ರಕ್ತ ಚುಚ್ಚಿದರು. ಪರರ ರಕ್ತಕಣಗಳ ವಿರುದ್ಧ ಪ್ರತಿಕಾಯ ಹುಟ್ಟಿತು, ಸ್ವಂತದ್ದರ ವಿರುದ್ಧ ಹುಟ್ಟಲಿಲ್ಲ. 1904ರಲ್ಲೇ ಡೊನಾಥ್ ಮತ್ತು ಲ್ಯಾಂಡ್‌ಸ್ಟೈನರ್, ರೋಗಿಯ ಸ್ವಂತ ರಕ್ತಕಣವನ್ನೇ ಒಡೆಯುವ ಪ್ರತಿಕಾಯ ತೋರಿಸಿದರು. ಆದರೂ ಎರ್ಲಿಕ್ ಹೆಸರಿನ ತೂಕಕ್ಕೆ (1908ರ ನೊಬೆಲ್ ಬೇರೆ!) ಆ ವಿಷಯ ದಶಕಗಳ ಕಾಲ ಮೂಲೆ ಸೇರಿತು.

ಔಷಧದಲ್ಲಿ ಮಾತ್ರ ಅವರದು ಬಿಗಿ ಲೆಕ್ಕ. ಸಿಫಿಲಿಸ್‌ಗೆಂದು ಕಂಡುಕೊಂಡ 606ನೇ ರಾಸಾಯನಿಕವನ್ನು 1910ರಲ್ಲಿ ಮಾರುವ ಮುನ್ನ, ಸಾವಿರಾರು ಡೋಸ್‌ಗಳನ್ನು ವೈದ್ಯರಿಗೆ ಉಚಿತವಾಗಿ ಕೊಟ್ಟು ಫಲಿತಾಂಶ ಕೇಳಿದರು. ಜೀವಕೋಶಗಳು ಹೊರಬಿಡುವ ಸೂಕ್ಷ್ಮ ಚೀಲಗಳಾದ ಎಕ್ಸೋಸೋಮ್‌ಗಳ ಒಂದೇ ಒಂದು ಚಿಕಿತ್ಸೆಗೂ ಅಮೆರಿಕದ ಎಫ್‌ಡಿಎ ಇನ್ನೂ ಅನುಮತಿ ಕೊಟ್ಟಿಲ್ಲ.