ಏಳದೆ ಉಳಿದ ಲಿಸ್ಟನ್

ನಮ್ಮೂರ ಗರಡಿಯಲ್ಲಾಗಲಿ ಇಲ್ಲಿನ ತಾಲೀಮಿನಲ್ಲಾಗಲಿ, ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಮುಷ್ಟಿಯುದ್ಧದಲ್ಲಿ ಸ್ಟೂಲಿನಿಂದ ಏಳದಿದ್ದರೂ ಸೋಲೇ. ಸನ್ನಿ ಲಿಸ್ಟನ್ ಸೋತದ್ದು ಹಾಗೆ.

ಅಮೆರಿಕದ ಆರ್ಕನ್ಸಾದ ಬಡ ಕಪ್ಪು ಗೇಣಿದಾರನ ಮಗ. ಹುಟ್ಟಿದ ವರ್ಷಕ್ಕೆ ಗಟ್ಟಿ ದಾಖಲೆಯಿಲ್ಲ, ಓದುಬರಹವಂತೂ ಇಲ್ಲ. ಅಪ್ಪನ ಏಟು ತಿಂದೇ ಬೆಳೆದ. ದರೋಡೆ ಮಾಡಿ 1950ರಲ್ಲಿ ಮಿಸೌರಿಯ ಸೆರೆಮನೆ ಸೇರಿದ. ಅಲ್ಲಿ ಪಾದ್ರಿಯೊಬ್ಬರು ಅವನನ್ನು ಗುದ್ದಾಟಕ್ಕೆ ಹಚ್ಚಿದರು. 1962ರಲ್ಲಿ ಪ್ಯಾಟರ್ಸನ್‌ನನ್ನು ಮೊದಲ ಸುತ್ತಿನಲ್ಲೇ ಕೆಡವಿ ಹೆವಿವೇಟ್ ಜಗಜ್ಜೆಟ್ಟಿಯಾದ.

1964ರ ಫೆಬ್ರವರಿ 25, ಮಯಾಮಿ ಬೀಚ್. ಎದುರಿಗೆ 22ರ ಹುಡುಗ ಕ್ಯಾಸಿಯಸ್ ಕ್ಲೇ, ಅಂದ್ರೆ ಮುಂದಿನ ಮಹಮ್ಮದ್ ಅಲಿ. ಆರು ಸುತ್ತು ಮುಗಿದವು. ಏಳನೆಯದರ ಗಂಟೆ ಬಾರಿಸಿತು, ಲಿಸ್ಟನ್ ಏಳಲಿಲ್ಲ. ಎಡಭುಜ ಹೋಯಿತು ಅಂದರೆ ಜನ ನಂಬಲಿಲ್ಲ. ಎಡತೋಳಿನ ಸ್ನಾಯು ಹರಿದಿದೆಯೆಂದು ವೈದ್ಯರು ಹೇಳಿದರೂ ನಂಬಲಿಲ್ಲ. ಕಳ್ಳನಾಗಿದ್ದವನ ನೋವೂ ಕಳ್ಳನೋವೇ ಏನು?

ಮರುವರ್ಷ ಮೇ 25ರಂದು ಮೇನ್ ರಾಜ್ಯದಲ್ಲಿ ಅಲಿಯ ಒಂದೇ ಗುದ್ದಿಗೆ ಮೊದಲ ಸುತ್ತಿನಲ್ಲೇ ಮಲಗಿದ. ಆ ಗುದ್ದನ್ನು ತಾವು ಕಾಣಲೇ ಇಲ್ಲ ಎಂದವರು ಬಹಳ. ಅದು ನನಗೂ ಅನುಮಾನವೇ. ಆದರೆ ಆ ಅನುಮಾನವನ್ನು ಹಿಂದಿನ ವರ್ಷದ ತೋಳಿಗೂ ಅಂಟಿಸುವುದು ನ್ಯಾಯವಲ್ಲ.

ಆಮೇಲೂ ಗುದ್ದಾಡುತ್ತಲೇ ಇದ್ದ. 1970ರ ಜೂನಿನಲ್ಲಿ ಚಕ್ ವೆಪ್ನರ್‌ನ ಮುಖ ಹರಿದು ಗೆದ್ದದ್ದೇ ಕೊನೆಯದು. 1971ರ ಜನವರಿ 5ರಂದು ಲಾಸ್ ವೇಗಸ್‌ನ ಮನೆಯಲ್ಲಿ ಹೆಂಡತಿ ಅವನ ಶವವನ್ನು ಕಂಡಳು.