ವಕೀಲ ಗಾಂಧೀಜಿ: ಒಂದು ದೊಡ್ಡ ವ್ಯಾಜ್ಯ ಬಗೆಹರಿದ ಬಗೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಚರಿತ್ರೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾವು ಮಹಾತ್ಮಾ ಗಾಂಧೀಜಿಯವರನ್ನು ಆರಿಸಿಕೊಂಡೆವು. ಅವರ ಚರಕ, ಉಪವಾಸ, ಉಪ್ಪಿನ ಸತ್ಯಾಗ್ರಹ ಸಾಲಿ ಹುಡುಗರಿಗೂ ಗೊತ್ತು. ನಾವು ಇಲ್ಲಿ ಬರೆಯೋದು ಅವರ ವಕೀಲಿ ವೃತ್ತಿಯ ಬಗ್ಗೆ. ಅದಕ್ಕೆ ಕಾರಣವುಂಟು. ಅಮೀನಗಡ ವ್ಯವಹಾರದ ಊರು. ಇಲ್ಲಿಯ ಕುರಿ ಸಂತೆಗೆ ದೂರದೂರದ ವ್ಯಾಪಾರಸ್ಥರು ಬರುತ್ತಾರೆ. ಕರದಂಟು ನಾಡಿನ ತುಂಬಾ ಹೋಗುತ್ತದೆ. ಸುತ್ತಲಿನ ಊರುಗಳಲ್ಲಿ ಮಗ್ಗದ ಸದ್ದು ಇದೆ. ಕೊಡೋದು ತೊಗೊಳ್ಳೋದು ಇದ್ದಲ್ಲಿ ತಕರಾರೂ ಇರತಕ್ಕದ್ದೇ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಹಾಗಾದರೆ ವಕೀಲರ ಕಡೆಗೆ ಹೋಗಲೇಬಾರದೇ? ಹೋಗಬೇಕು. ಆದರೆ ಎಂಥ ವಕೀಲರ ಕಡೆಗೆ, ಯಾವಾಗ ಹೋಗಬೇಕು ಎಂಬುದನ್ನು ಗಾಂಧೀಜಿಯವರ ಚರಿತ್ರೆಯಿಂದ ತಿಳಿಯಬಹುದು ಅಂತ ನಮ್ಮ ಭಾವನೆ.

ಮೋಹನದಾಸ ಕರಮಚಂದ ಗಾಂಧಿಯವರು 1869ರ ಅಕ್ಟೋಬರ್ 2ರಂದು ಗುಜರಾತದ ಪೋರಬಂದರಿನಲ್ಲಿ ಜನಿಸಿದರು. ತಂದೆ ಸಂಸ್ಥಾನದ ದಿವಾನರು. ತಂದೆ ತೀರಿಕೊಂಡ ಮೇಲೆ ಮನೆತನದ ಭಾರ ಅಣ್ಣ ಲಕ್ಷ್ಮೀದಾಸರ ಹೆಗಲಿಗೆ ಬಂತು. ತಮ್ಮ ಬ್ಯಾರಿಸ್ಟರ್ ಆದರೆ ಮನೆ ಸುಧಾರಿಸುತ್ತದೆ ಎಂದು ಅಣ್ಣ ಬಹಳ ಖರ್ಚು ಮಾಡಿ 1888ರಲ್ಲಿ ವಿಲಾಯತಿಗೆ ಕಳಿಸಿಕೊಟ್ಟರು. 1891ರ ಜೂನ್ ತಿಂಗಳಲ್ಲಿ ಮೋಹನದಾಸರು ಬ್ಯಾರಿಸ್ಟರ್ ಆಗಿ ತಿರುಗಿ ಬಂದರು.

ಪದವಿ ಬಂತು, ಕೆಲಸ ಬರಲಿಲ್ಲ. ಮುಂಬಯಿಯಲ್ಲಿ ಮನೆ ಹಿಡಿದು ವಕೀಲಿ ಸುರು ಮಾಡಿದರು. ಪಕ್ಷಗಾರರನ್ನು ಕರೆತರುವ ದಲಾಲರಿಗೆ ಕಮಿಷನ್ ಕೊಡಲು ಒಪ್ಪಲಿಲ್ಲವಾದ್ದರಿಂದ ಕೇಸುಗಳೂ ಬರಲಿಲ್ಲ. ಕಡೆಗೆ ಮಮೀಬಾಯಿ ಎಂಬ ಹೆಣ್ಣುಮಗಳ ಸಣ್ಣ ಕೇಸು ಸಿಕ್ಕಿತು. ಫೀ 30 ರೂಪಾಯಿ. ಪಾಟೀಸವಾಲು ಮಾಡಲು ಎದ್ದು ನಿಂತರೆ ಕಾಲು ನಡುಗಿದವು, ತಲೆ ಗಿರ್ರೆಂದಿತು, ಒಂದು ಪ್ರಶ್ನೆಯೂ ಬಾಯಿಗೆ ಬರಲಿಲ್ಲ. ಕೇಸನ್ನು ಬೇರೆ ವಕೀಲರಿಗೆ ಒಪ್ಪಿಸಿಕೊಳ್ಳಲು ಹೇಳಿ, ಫೀ ಬಿಟ್ಟುಕೊಟ್ಟು, ಕೋರ್ಟಿನಿಂದ ಹೊರಬಿದ್ದರು. ಒಂದು ಶಾಲೆಯಲ್ಲಿ 75 ರೂಪಾಯಿ ಸಂಬಳದ ಮಾಸ್ತರಕಿಗೆ ಅರ್ಜಿ ಹಾಕಿದರು. ಬಿ.ಎ. ಆಗಿಲ್ಲವೆಂದು ಅದೂ ಸಿಗಲಿಲ್ಲ. ರಾಜಕೋಟೆಗೆ ಹೋಗಿ ಅರ್ಜಿ, ಬಿನ್ನವತ್ತಳೆ ಬರೆದುಕೊಟ್ಟು ತಿಂಗಳಿಗೆ ಸುಮಾರು 300 ರೂಪಾಯಿ ಗಳಿಸತೊಡಗಿದರು. ಹೊಟ್ಟೆಗೇನೋ ಆಯಿತು, ಮನಸ್ಸಿಗೆ ಸಮಾಧಾನವಾಗಲಿಲ್ಲ.

ಅಷ್ಟರಲ್ಲಿ ಪೋರಬಂದರಿನ ಮೇಮನ ವ್ಯಾಪಾರಿಗಳಾದ ದಾದಾ ಅಬ್ದುಲ್ಲಾ ಅವರ ಪೇಢಿಯಿಂದ ಅಣ್ಣನಿಗೆ ಕಾಗದ ಬಂತು. ದಕ್ಷಿಣ ಆಫ್ರಿಕಾದಲ್ಲಿ ಅವರ ದೊಡ್ಡ ವ್ಯಾಪಾರ. ಅಲ್ಲಿ ಅವರದೊಂದು ದಾವೆ ಬಹಳ ದಿನಗಳಿಂದ ನಡೆದಿತ್ತು. ದಾವೆಯ ಮೊತ್ತ 40,000 ಪೌಂಡು! ದೊಡ್ಡ ದೊಡ್ಡ ಬಿಳಿಯ ವಕೀಲರನ್ನು ಆಗಲೇ ಹಿಡಿದಿದ್ದರು. ಆದರೆ ಒಂದು ಅಡಚಣಿ. ಲೆಕ್ಕದ ಪುಸ್ತಕ, ಪತ್ರವ್ಯವಹಾರ ಬಹುತೇಕ ಗುಜರಾತಿಯಲ್ಲಿ. ಇಂಗ್ಲಿಷ್ ವಕೀಲರಿಗೆ ಅದು ಓದಲು ಬಾರದು, ಸೇಠರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಡುವೆ ನಿಂತು ಎರಡೂ ಕಡೆ ತಿಳಿಸಿ ಹೇಳುವವರು ಬೇಕಾಗಿದ್ದರು. ಒಂದು ವರ್ಷದ ಕೆಲಸ, ಹೋಗಿಬರುವ ಮೊದಲ ದರ್ಜೆಯ ಟಿಕೀಟು, ಊಟ ವಸತಿ, ಮೇಲೆ 105 ಪೌಂಡು. ಇದು ಬ್ಯಾರಿಸ್ಟರರ ಫೀ ಅಲ್ಲ, ನೌಕರಿ ಇದ್ದಂತೆ ಎಂದು ಗೊತ್ತಿದ್ದೂ ಗಾಂಧೀಜಿ ಒಪ್ಪಿದರು. 1893ರ ಏಪ್ರಿಲ್‌ನಲ್ಲಿ ಹಡಗು ಹತ್ತಿದರು.

ದಾರಿಯಲ್ಲಿ ಝಾಂಜಿಬಾರ್ ಬಂದರಿನಲ್ಲಿ ಹಡಗು ನಿಂತಾಗ ಅಲ್ಲಿಯ ಕೋರ್ಟು ನೋಡಲು ಹೋದರು. ಅಲ್ಲಿ ನಡೆದಿದ್ದ ಲೆಕ್ಕದ ಮಾತು ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಮುಂದೆ ತಮ್ಮ ಕೇಸಿನ ಕಾಗದ ನೋಡತೊಡಗಿದರೆ ಇಡೀ ವ್ಯಾಜ್ಯ ಜಮಾ-ಖರ್ಚಿನ ಮೇಲೆ ನಿಂತಿತ್ತು. ಪ್ರಾಮಿಸರಿ ನೋಟು ಅಂದರೇನು ಎಂಬುದನ್ನೂ ಅವರು ಹೊಸದಾಗಿ ತಿಳಿದುಕೊಳ್ಳಬೇಕಾಯಿತು. ನಾಚಿಕೊಂಡು ಕೂಡ್ರಲಿಲ್ಲ. ಲೆಕ್ಕ ಬರೆಯುವ ಪದ್ಧತಿಯ ಪುಸ್ತಕ ಕೊಂಡು ಓದಿದರು. ಪೇಢಿಯ ಗುಮಾಸ್ತರ ಹತ್ತಿರ ಕೂತು ಕೇಳಿ ಕಲಿತರು.

ಈ ಕೇಸಿನ ಸಲುವಾಗಿ ಡರ್ಬಾನಿನಿಂದ ಪ್ರಿಟೋರಿಯಾಕ್ಕೆ ಹೋಗುವಾಗಲೇ, 1893ರ ಜೂನ್ 7ರ ರಾತ್ರಿ, ಪೀಟರ್ ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ಮೊದಲ ದರ್ಜೆಯ ಡಬ್ಬಿಯಿಂದ ಹೊರಗೆ ತಳ್ಳಿದ್ದು. ಆ ಚಳಿಯ ರಾತ್ರಿ ತಿರುಗಿ ಊರಿಗೆ ಹೋಗಿಬಿಡಲೇ ಎಂಬ ವಿಚಾರವೂ ಬಂತು. ಒಪ್ಪಿಕೊಂಡ ಕೆಲಸ ನಡುನೀರಿನಲ್ಲಿ ಬಿಟ್ಟುಹೋಗುವುದು ಹೇಡಿತನವೆಂದು ಮುಂದೆ ಸಾಗಿದರು. ಆ ಅವಮಾನದ ಕಥೆ ಜಗತ್ತಿಗೇ ಗೊತ್ತು. ಆದರೆ ಅವರು ಯಾವ ಕೆಲಸಕ್ಕೆ ಹೊರಟಿದ್ದರು, ಆ ಕೆಲಸ ಏನಾಯಿತು ಎಂಬುದು ಬಹಳ ಜನರಿಗೆ ತಿಳಿಯದು.

ಪ್ರಿಟೋರಿಯಾದಲ್ಲಿ ಬೇಕರ್ ಎಂಬ ವಕೀಲರು ದಾದಾ ಅಬ್ದುಲ್ಲಾ ಅವರ ಕೇಸು ನೋಡುತ್ತಿದ್ದರು. ಗಾಂಧೀಜಿ ಕಾಗದಗಳನ್ನು ಒಂದೊಂದಾಗಿ ಓದಿ, ಅನುವಾದ ಮಾಡಿ, ಲೆಕ್ಕದ ಒಂದೊಂದು ಕಲಮನ್ನೂ ತಾಳೆ ನೋಡಿದರು. ಕಾನೂನಿನ ಪುಸ್ತಕ ಎಷ್ಟು ತಿರುವಿದರೂ, ನಡೆದ ಸಂಗತಿ ಖರೆ ಏನು ಎಂದು ತಿಳಿಯದ ಹೊರತು ಕೇಸು ನಿಲ್ಲುವುದಿಲ್ಲ ಎಂಬುದು ಇಲ್ಲಿ ಅವರಿಗೆ ಮನವರಿಕೆಯಾಯಿತು. ಸಂಗತಿಗಳು ತಮ್ಮ ಪಕ್ಷಗಾರರ ಕಡೆಗೇ ಗಟ್ಟಿಯಾಗಿದ್ದವು. ಕೋರ್ಟಿನಲ್ಲಿ ಗೆಲ್ಲುವುದು ಖಾತ್ರಿಯೇ ಇತ್ತು.

ಆದರೆ ಇನ್ನೊಂದು ಸಂಗತಿಯೂ ಅವರ ಕಣ್ಣಿಗೆ ಬಿತ್ತು. ಎದುರಾಳಿ ತಯ್ಯಬ ಸೇಠರು ದಾದಾ ಅಬ್ದುಲ್ಲಾ ಅವರ ಸಂಬಂಧಿಕರು, ಒಂದೇ ಊರವರು. ವಕೀಲರ ಫೀ ದಿನದಿನಕ್ಕೆ ಬೆಳೆಯುತ್ತಿತ್ತು. ಇಬ್ಬರೂ ದೊಡ್ಡ ವ್ಯಾಪಾರಸ್ಥರೇ, ಆದರೂ ಈ ಖರ್ಚು ಇಬ್ಬರನ್ನೂ ನುಂಗುವಂತಿತ್ತು. ಕೇಸಿನ ಚಿಂತೆಯಲ್ಲಿ ಇಬ್ಬರಿಗೂ ಬೇರೆ ದಂಧೆ ನೋಡಲು ಪುರಸೊತ್ತಿರಲಿಲ್ಲ. ಮೇಲಾಗಿ ದ್ವೇಷ ಬೆಳೆಯುತ್ತಿತ್ತು. ಗಾಂಧೀಜಿ ತಯ್ಯಬ ಸೇಠರನ್ನು ಕಂಡು, ಇಬ್ಬರಿಗೂ ನಂಬಿಕೆಯಿರುವ ಒಬ್ಬ ಪಂಚರ ಮುಂದೆ ವ್ಯಾಜ್ಯ ಇಡೋಣ ಎಂದು ತಿಳಿಸಿ ಹೇಳಿದರು. ಕಡೆಗೂ ಇಬ್ಬರೂ ಒಪ್ಪಿದರು. ಪಂಚರ ಮುಂದೆ ವಾದ ಪೂರ್ತಿಯಾಗಿಯೇ ನಡೆಯಿತು. ದಾದಾ ಅಬ್ದುಲ್ಲಾ ಗೆದ್ದರು.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ತಪ್ಪು. ತೀರ್ಪಿನ ಪ್ರಕಾರ ತಯ್ಯಬ ಸೇಠರು ಕೊಡಬೇಕಾದ ಹಣ ಸುಮಾರು 37,000 ಪೌಂಡು, ಮೇಲೆ ಖರ್ಚು. ಅಷ್ಟನ್ನೂ ಒಮ್ಮೆಲೇ ಕೇಳಿದರೆ ಅವರು ದಿವಾಳಿ ಎದ್ದಂತೆಯೇ. ಆ ವ್ಯಾಪಾರಿಗಳಲ್ಲಿ ದಿವಾಳಿಗಿಂತ ಸಾವು ಮೇಲು ಎಂಬ ಭಾವನೆ ಇತ್ತು. ತಯ್ಯಬ ಸೇಠರಿಗೆ ಒಂದು ಪೈ ಕಡಿಮೆ ಕೊಡುವ ಮನಸ್ಸೂ ಇರಲಿಲ್ಲ, ದಿವಾಳಿ ಅನ್ನಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ದಾರಿ ಒಂದೇ, ದೀರ್ಘ ಮುದ್ದತಿನ ಕಂತು. ಗೆದ್ದ ಸೇಠರನ್ನು ಇದಕ್ಕೆ ಒಪ್ಪಿಸುವುದು ಪಂಚಾಯತಿಗೆ ಒಪ್ಪಿಸುವುದಕ್ಕಿಂತ ಕಠಿಣವಾಯಿತು. ಗಾಂಧೀಜಿ ಬಿಡಲಿಲ್ಲ. ಕಡೆಗೆ ಕಂತಿನ ಒಪ್ಪಂದವಾಯಿತು. ಒಬ್ಬರ ಹಣ ಉಳಿಯಿತು, ಇನ್ನೊಬ್ಬರ ಮಾನ ಉಳಿಯಿತು. ಊರವರ ಕಣ್ಣಲ್ಲಿ ಇಬ್ಬರ ಮರ್ಯಾದೆಯೂ ಹೆಚ್ಚಿತು.

ಮುಂಬಯಿ ಕೋರ್ಟಿನಲ್ಲಿ ಬಾಯಿ ಬಾರದೆ ಕೂತಿದ್ದ ಹುಡುಗ ಇಲ್ಲಿ ವಕೀಲಿಯ ಮರ್ಮ ಕಲಿತರು. ಬೇರೆಯಾದ ಎರಡು ಪಕ್ಷಗಳನ್ನು ಕೂಡಿಸುವುದೇ ವಕೀಲರ ನಿಜವಾದ ಕೆಲಸವೆಂದು ಅವರು ತಿಳಿದರು. 1894ರಲ್ಲಿ ನೆಟಾಲದ ಸುಪ್ರೀಂ ಕೋರ್ಟಿನಲ್ಲಿ ಅವರ ಹೆಸರು ದಾಖಲಾಯಿತು. ಮುಂದೆ 1903ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಕಚೇರಿ ತೆರೆದರು. ಸುಮಾರು ಇಪ್ಪತ್ತು ವರ್ಷದ ವಕೀಲಿಯಲ್ಲಿ ನೂರಾರು ವ್ಯಾಜ್ಯಗಳನ್ನು ಕೋರ್ಟಿನ ಹೊರಗೇ ರಾಜಿ ಮಾಡಿಸಿದರು. ಇದರಿಂದ ಅವರ ಗಳಿಕೆಗೂ ಧಕ್ಕೆ ಬರಲಿಲ್ಲ.

ಲೆಕ್ಕ ಇಡುವವರೆಲ್ಲ ನೆನಪಿಡಬೇಕಾದ ಇನ್ನೊಂದು ಕೇಸು ಇದೆ. ಅದರಲ್ಲಿ ಲೆಕ್ಕ ಬಲ್ಲ ಪಂಚರು ಗಾಂಧೀಜಿಯ ಪಕ್ಷಗಾರರ ಪರವಾಗಿ ತೀರ್ಪು ಕೊಟ್ಟಿದ್ದರು. ಆದರೆ ಕೂಡಿಸುವಾಗ ಒಂದು ರಕಮು ಖರ್ಚಿನ ಬಾಜುವಿನ ಬದಲು ಜಮಾ ಬಾಜುವಿಗೆ ಬಿದ್ದಿತ್ತು. ಎದುರಿನವರಿಗೆ ಇದು ಗೊತ್ತಾಗಿರಲಿಲ್ಲ. ಸುಮ್ಮನಿದ್ದರೆ ಲಾಭ ನಮ್ಮದೇ ಎಂಬುದು ಹಿರಿಯ ವಕೀಲರ ಸಲಹೆ. ಗಾಂಧೀಜಿ ತಪ್ಪನ್ನು ತಾವಾಗಿಯೇ ಒಪ್ಪಿಕೊಳ್ಳಬೇಕೆಂದರು. ಹಾಗಾದರೆ ತಾವು ವಾದ ಮಾಡುವುದಿಲ್ಲವೆಂದು ಹಿರಿಯರು ಹಿಂದೆ ಸರಿದರು. ಪಕ್ಷಗಾರರು ಗಾಂಧೀಜಿಯನ್ನೇ ನಂಬಿದರು. ನ್ಯಾಯಾಧೀಶರು ಮೊದಲು ಇದರಲ್ಲೇನೋ ಕುತಂತ್ರವಿದೆ ಅಂತ ಸಂಶಯಪಟ್ಟರು. ಆಮೇಲೆ ನಿಜ ತಿಳಿದು, ಆ ಒಂದು ತಪ್ಪನ್ನು ಮಾತ್ರ ತಿದ್ದಿ ತೀರ್ಪನ್ನು ಹಾಗೇ ಉಳಿಸಿದರು.

ಪಾರ್ಸಿ ರುಸ್ತುಮಜಿ ಎಂಬ ವ್ಯಾಪಾರಿ ಗಾಂಧೀಜಿಯ ಆಪ್ತರು, ಸಾರ್ವಜನಿಕ ಕೆಲಸಕ್ಕೆ ಕೈ ತುಂಬ ಕೊಟ್ಟವರು. ಆದರೆ ಸುಂಕ ಕಟ್ಟದೆ ಮಾಲು ತರಿಸಿ ಸಿಕ್ಕಿಬಿದ್ದರು. ಜೇಲಿಗೆ ಹೋಗುವ ಪ್ರಸಂಗ. ಆಗ ಗಾಂಧೀಜಿ ಹೊಸ ಸುಳ್ಳು ಹೆಣೆದು ಕೊಡಲಿಲ್ಲ. ಹಿಂದಿನ ತಪ್ಪುಗಳನ್ನೂ ಬಿಚ್ಚಿ ಹೇಳಿ, ದಂಡ ಕಟ್ಟಲು ತಯಾರಾಗಿ, ಅಧಿಕಾರಿಗಳು ಒಪ್ಪದಿದ್ದರೆ ಜೇಲಿಗೂ ತಯಾರಾಗಿ ಎಂದು ತಿಳಿಸಿದರು. ತಾವೇ ಹೋಗಿ ಅಧಿಕಾರಿಗಳನ್ನು ಕಂಡರು. ತಪ್ಪಿಸಿದ್ದಾಗಿ ಒಪ್ಪಿಕೊಂಡ ಹಣದ ಎರಡು ಪಟ್ಟು ಕಟ್ಟಿಸಿಕೊಂಡು ಕೇಸು ಮುಗಿಸಿದರು. ರುಸ್ತುಮಜಿ ಈ ಸಂಗತಿಯನ್ನು ಪೂರ್ತಿಯಾಗಿ ಬರೆಯಿಸಿ, ಚೌಕಟ್ಟು ಹಾಕಿಸಿ, ಮಕ್ಕಳಿಗೆ ಪಾಠವಾಗಲೆಂದು ತಮ್ಮ ಕಚೇರಿಯ ಗೋಡೆಗೆ ತೂಗುಹಾಕಿದರು.

1915ರಲ್ಲಿ ಭಾರತಕ್ಕೆ ಮರಳಿದ ಮೇಲೆ ಗಾಂಧೀಜಿ ಕರಿಕೋಟು ಹಾಕಲಿಲ್ಲ, ಆದರೆ ಪಂಚಾಯತಿ ದಾರಿ ಬಿಡಲಿಲ್ಲ. 1918ರಲ್ಲಿ ಅಹಮದಾಬಾದಿನ ಗಿರಣಿ ಕೆಲಸಗಾರರು ಕೂಲಿ ಶೇಕಡಾ 35 ಹೆಚ್ಚಾಗಲಿ ಅಂದರು, ಮಾಲೀಕರು 20ಕ್ಕೆ ನಿಂತರು. ಸಂಪು ನಡೆಯಿತು, ಗಾಂಧೀಜಿ ಉಪವಾಸ ಕೂತರು. ಕಡೆಗೆ ಆನಂದಶಂಕರ ಧ್ರುವ ಎಂಬ ವಿದ್ವಾಂಸರನ್ನು ಪಂಚರನ್ನಾಗಿ ಒಪ್ಪಲಾಯಿತು. ಅವರು 35ನ್ನೇ ಕೊಡಿಸಿದರು. ಮಗ್ಗದ ಕೂಲಿಯ ಬೆಲೆ ಬಲ್ಲ ನಮ್ಮ ನೇಕಾರ ಬಂಧುಗಳಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಾಗಿಲ್ಲ. 1922ರಲ್ಲಿ ಗಾಂಧೀಜಿ ರಾಜದ್ರೋಹದ ಆರೋಪದಲ್ಲಿ ಜೇಲಿಗೆ ಹೋದಾಗ ಲಂಡನ್ನಿನ ಇನ್ನರ್ ಟೆಂಪಲ್ ಸಂಸ್ಥೆ ಅವರ ಹೆಸರನ್ನು ಬ್ಯಾರಿಸ್ಟರರ ಪಟ್ಟಿಯಿಂದ ತೆಗೆದುಹಾಕಿತು. 1988ರಲ್ಲಿ ಅದೇ ಸಂಸ್ಥೆ ಆ ಹೆಸರನ್ನು ಮತ್ತೆ ಸೇರಿಸಿಕೊಂಡಿತು. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಅಧ್ಯಕ್ಷರಾಗಿದ್ದರು. 1948ರ ಜನವರಿ 30ರಂದು ದಿಲ್ಲಿಯಲ್ಲಿ ಗುಂಡಿಗೆ ಬಲಿಯಾದರು.

ಸದಸ್ಯ ಬಾಂಧವರೇ, ಈ ಚರಿತ್ರೆಯಿಂದ ನಾವು ಕಲಿಯಬೇಕಾದ್ದೇನು? ಮೊದಲನೆಯದು, ದೊಡ್ಡ ಹೆಸರು ನೋಡಿ ವಕೀಲರನ್ನು ಹಿಡಿದರೆ ಸಾಲದು. ನಮ್ಮ ಭಾಷೆ, ನಮ್ಮ ಕಿರ್ದಿ-ಖಾತೆ, ನಮ್ಮ ದಂಧೆ ತಿಳಿಯುವವರು ಬೇಕು. ಕಾಗದ ಓದುವ ತಾಳ್ಮೆ ಇರುವ ಅನುಭವಿಗಳು ಬೇಕು. ಎರಡನೆಯದು, ನಮಗೆ ಇಷ್ಟವಾಗುವ ಮಾತಾಡುವವರಿಗಿಂತ, ತಪ್ಪು ನಿಮ್ಮದೂ ಇದೆ ಎಂದು ಮುಖಕ್ಕೆ ಹೇಳುವವರೇ ಒಳ್ಳೆಯ ವಕೀಲರು. ನಾವೂ ಅವರ ಮುಂದೆ ಏನನ್ನೂ ಮುಚ್ಚಿಡಬಾರದು. ಮೂರನೆಯದು, ಜಗಳ ಹತ್ತಿ ಉರಿಯುವ ಮೊದಲೇ ಹೋಗಬೇಕು. ಕರಾರುಪತ್ರ ಬರೆಯುವಾಗ ಒಮ್ಮೆ ತೋರಿಸಿದರೆ ಮುಂದೆ ಹತ್ತು ವರ್ಷದ ಅಲೆದಾಟ ತಪ್ಪೀತು. ಬೇಡಿದಾಗ ಕೊಡುವೆನೆಂದು ಬರೆದ ಪ್ರಾಮಿಸರಿ ನೋಟಿನ ಮೇಲೆ ದಾವೆ ಹೂಡಲು ಬರೆದ ದಿನದಿಂದ ಸಾಮಾನ್ಯವಾಗಿ ಮೂರೇ ವರ್ಷ ಅವಧಿ. ನಾಳೆ ನೋಡೋಣ ಅಂತ ಕೂತವರ ಹಣ ಹಾಗೇ ಹೋಗ್ತದೆ.

ಸಹಕಾರ ಸಂಘದ ವ್ಯವಹಾರದ ವಿವಾದಕ್ಕೆ ಸಿವಿಲ್ ಕೋರ್ಟಿಗೆ ಓಡಬೇಕಾಗಿಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ 70ನೇ ಕಲಮಿನ ಪ್ರಕಾರ ಅದು ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗಬೇಕು. ಅವರು ತಾವೇ ತೀರ್ಮಾನಿಸಬಹುದು, ಇಲ್ಲವೇ ಪಂಚರಿಗೆ ಒಪ್ಪಿಸಬಹುದು. ಕೋರ್ಟಿನಲ್ಲಿರುವ ಬೇರೆ ವ್ಯಾಜ್ಯಗಳಿಗೆ ಲೋಕ ಅದಾಲತ್ ಇದೆ. ಅಲ್ಲಿಯ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆಯೇ ಇರುತ್ತದೆ, ಕಟ್ಟಿದ ಕೋರ್ಟು ಫೀ ತಿರುಗಿ ಬರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ತಾಲೂಕಾ ಕಾನೂನು ಸೇವಾ ಸಮಿತಿಯಿಂದ ವಕೀಲರನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಎಲ್ಲ ವ್ಯಾಜ್ಯವೂ ರಾಜಿಗೆ ಬರುವುದಿಲ್ಲ, ಅದು ನಿಜ. ಮೋಸ ಮಾಡಿದವರ ಮುಂದೆ ಕೈ ಕಟ್ಟಿ ಕೂಡ್ರಿ ಅಂತ ಗಾಂಧೀಜಿಯೂ ಹೇಳಲಿಲ್ಲ. ಅವರ ಪಕ್ಷಗಾರರು ಹಕ್ಕಿನ ಹಣ ಬಿಟ್ಟುಕೊಡಲಿಲ್ಲ, ಪಡೆಯುವ ರೀತಿ ಬದಲಿಸಿದರು ಅಷ್ಟೇ.

ಸಂಘದ ಸಾಲ ಬಾಕಿ ಇರುವ ಸದಸ್ಯನೂ ನಮ್ಮವನೇ. ಅವನು ಮುಳುಗಿದರೆ ಸಂಘಕ್ಕೆ ಲಾಭವಿಲ್ಲ, ಸಂಘ ಮುಳುಗಿದರೆ ಅವನಿಗೆ ಉಳಿಗಾಲವಿಲ್ಲ. ತಯ್ಯಬ ಸೇಠರ ಕಂತು ನೆನಪಿರಲಿ. ಮುಂದಿನ ಇಪ್ಪತ್ತೈದು ವರ್ಷ ನಮ್ಮ ಸಂಘದಲ್ಲಿ ಲೆಕ್ಕ ಚೊಕ್ಕವಾಗಿರಲಿ, ತಕರಾರು ಕಟ್ಟೆಯ ಮೇಲೇ ಮುಗಿಯಲಿ ಎಂದು ಹಾರೈಸುತ್ತೇವೆ.