ಸಮುದ್ರದ ಮೀನು ಮುಗಿಯುವುದೇ ಇಲ್ಲವೇ? ಹಕ್ಸ್‌ಲಿ ಹೇಳಿದ್ದೇನು, ಆಗಿದ್ದೇನು?

ಸಮುದ್ರ ಅಷ್ಟು ದೊಡ್ಡದು, ಎಷ್ಟು ಹಿಡಿದರೂ ಮೀನು ಖಾಲಿಯಾಗದು ಎಂಬ ನಂಬಿಕೆ ವಾಟ್ಸಾಪ್‌ಗಿಂತ ಬಹಳ ಹಳೆಯದು. ಅದಕ್ಕೆ ವಿಜ್ಞಾನದ ಮುದ್ರೆ ಒತ್ತಿದವರು ಸಾಮಾನ್ಯರಲ್ಲ, ಡಾರ್ವಿನ್ ಅವರ ವಿಕಾಸವಾದದ ಪರ ಗಟ್ಟಿಯಾಗಿ ನಿಂತ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ.

1825ರಲ್ಲಿ ಲಂಡನ್ ಬಳಿಯ ಈಲಿಂಗ್‌ನಲ್ಲಿ ಹುಟ್ಟಿದ ಅವರು ಶಾಲೆಗೆ ಹೋಗಿದ್ದು ಎರಡೇ ವರ್ಷ. ಉಳಿದದ್ದೆಲ್ಲ ಸ್ವಂತ ಓದು. 1846ರಲ್ಲಿ ರಾಟಲ್‌ಸ್ನೇಕ್ ಎಂಬ ನೌಕಾಪಡೆಯ ಹಡಗಿನಲ್ಲಿ ಸಹಾಯಕ ವೈದ್ಯರಾಗಿ ಆಸ್ಟ್ರೇಲಿಯಾ ಕಡೆ ಹೊರಟು, ದಾರಿಯುದ್ದಕ್ಕೂ ಜೆಲ್ಲಿಫಿಶ್‌ಗಳನ್ನು ಅಧ್ಯಯನ ಮಾಡಿದರು. 26ನೇ ವಯಸ್ಸಿಗೇ ರಾಯಲ್ ಸೊಸೈಟಿಯ ಸದಸ್ಯತ್ವ ಸಿಕ್ಕಿತು.

ಸಮುದ್ರದ ತಳವನ್ನು ಗುಡಿಸಿಕೊಂಡು ಹೋಗುವ ಟ್ರಾಲ್ ಬಲೆಯಿಂದ ಮೀನು ಕಡಿಮೆಯಾಗುತ್ತಿದೆ ಎಂದು ಆಗ ಕೆಲವು ಮೀನುಗಾರರು ದೂರುತ್ತಿದ್ದರು. ವಿಚಾರಣೆಗೆಂದು 1863ರಲ್ಲಿ ನೇಮಕವಾದ ಸರ್ಕಾರಿ ಆಯೋಗದಲ್ಲಿ ಹಕ್ಸ್‌ಲಿಯೂ ಇದ್ದರು. 1866ರ ವರದಿ ದೂರನ್ನು ಒಪ್ಪಲಿಲ್ಲ, ನಿರ್ಬಂಧಗಳನ್ನೇ ತೆಗೆಯಲು ಹೇಳಿತು. 1868ರಲ್ಲಿ ಹಲವು ಹಳೆಯ ಕಾನೂನುಗಳು ರದ್ದಾದವು.

1883ರ ಲಂಡನ್ ಮೀನುಗಾರಿಕಾ ಪ್ರದರ್ಶನದಲ್ಲಿ ಅವರು ಇನ್ನೂ ಮುಂದೆ ಹೋದರು. ಕಾಡ್, ಹೆರಿಂಗ್, ಪಿಲ್ಚರ್ಡ್ (ನಮ್ಮ ಬೂತಾಯಿಯ ಸಂಬಂಧಿ), ಮ್ಯಾಕರೆಲ್ ಮೀನುಗಳು ಮುಗಿಯುವಂಥವಲ್ಲ ಎಂದರು. ಇತರ ಜೀವಿಗಳು ತಿನ್ನುವ ಮೀನಿನ ಲೆಕ್ಕದ ಮುಂದೆ ಮನುಷ್ಯ ಹಿಡಿಯುವುದು ಏನೇನೂ ಅಲ್ಲ ಎಂಬುದು ಅವರ ವಾದ. ಆದರೆ ಒಂದು ಷರತ್ತಿತ್ತು: ಅಂದಿನ ಮೀನುಗಾರಿಕೆ ವಿಧಾನಗಳಿಗೆ ಮಾತ್ರ ಈ ಮಾತು. ನದಿಯ ಸಾಲ್ಮನ್ ಮತ್ತು ಸಿಂಪಿ ಖಾಲಿಯಾಗಬಹುದು ಎಂದೂ ಒಪ್ಪಿದ್ದರು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಮೊದಲರ್ಧ. (ಫಾರ್ವರ್ಡ್‌ಗಳ ಚಾಳಿ ಆಗಲೂ ಇತ್ತು ನೋಡಿ!) ವಿಧಾನವೂ ಹಾಗೇ ಉಳಿಯಲಿಲ್ಲ. ಅದೇ ದಶಕದಲ್ಲಿ ಹಬೆಯಿಂದ ಓಡುವ ಟ್ರಾಲರ್‌ಗಳು ಹೆಚ್ಚಿದವು.

1884ರಲ್ಲಿ ಬ್ರಿಟನ್ನಿನ ಸಾಗರ ಜೀವವಿಜ್ಞಾನ ಸಂಘ ಹುಟ್ಟಿದಾಗ ಹಕ್ಸ್‌ಲಿಯೇ ಮೊದಲ ಅಧ್ಯಕ್ಷರಾದರು. 1888ರಲ್ಲಿ ಅದರ ಪ್ರಯೋಗಾಲಯ ಪ್ಲಿಮತ್‌ನಲ್ಲಿ ತೆರೆಯಿತು. 1895ರಲ್ಲಿ ಅವರು ತೀರಿಕೊಂಡರು.

ಅವರ ಪಟ್ಟಿಯಲ್ಲಿದ್ದ ಕಾಡ್ ನ್ಯೂಫೌಂಡ್‌ಲ್ಯಾಂಡ್ ಬಳಿ ಎಷ್ಟು ಕುಸಿಯಿತೆಂದರೆ, 1992ರಲ್ಲಿ ಕೆನಡಾ ಅದನ್ನು ಹಿಡಿಯುವುದನ್ನೇ ನಿಲ್ಲಿಸಿತು. ಸಾವಿರಾರು ಜನರ ಕೆಲಸ ಹೋಯಿತು.

ಇನ್ನು ಪ್ಲಿಮತ್. ಅಲ್ಲಿನ ವಿಜ್ಞಾನಿಗಳು 1911ರಿಂದ 2007ರವರೆಗೆ, ನಡುನಡುವೆ ಬಿಟ್ಟರೂ, ಬಲೆಗೆ ಸಿಕ್ಕ ಮೀನುಗಳ ಲೆಕ್ಕ ಇಟ್ಟಿದ್ದರು. ಅದನ್ನು ಜೋಡಿಸಿ ನೋಡಿದಾಗ ಚಿಕ್ಕ ಜಾತಿಯ ಮೀನುಗಳ ಸಂಖ್ಯೆ ನೀರಿನ ಬಿಸಿಗೆ ತಕ್ಕಂತೆ ಏರಿಳಿದಿತ್ತು. ಅವು ಬೇಗ ಬೆಳೆದು ಬೇಗ ಮರಿ ಮಾಡುತ್ತವೆ, ಹಾಗಾಗಿ ಹವಾಮಾನ ಬದಲಾದರೆ ಕೂಡಲೇ ಗೊತ್ತಾಗುತ್ತದೆ. ದೊಡ್ಡ ಜಾತಿಗಳ ಕಥೆ ಬೇರೆ. ಅವು ಮರಿ ಮಾಡುವಷ್ಟು ಬೆಳೆಯಲು ವರ್ಷಗಳೇ ಬೇಕು, ಬಲೆ ಅಷ್ಟು ಕಾಯುವುದಿಲ್ಲ. ವರ್ಷ ಕಳೆದಂತೆ ಬಲೆಗೆ ಸಿಗುತ್ತಿದ್ದ ಅವುಗಳ ಗಾತ್ರವೇ ಸಣ್ಣದಾಗುತ್ತ ಬಂದಿತ್ತು.